ಬೆಟ್ಟ ಹತ್ತಿದ್ದಾಯ್ತು, ಮನೆ ಮುಟ್ಟೋದು ಹೇಗೆ?

ಸೈಕಲ್ ಸವಾರಿ ಶುರು ಮಾಡೋದು ಹೇಗೆ ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಅದನ್ನು ಎಲ್ಲಿ, ಹೇಗೆ ಮುಗಿಸಬೇಕು ಅಂತ ಹೇಳುವವರು ಕಡಿಮೆ. ಆದರೆ ಸುಸ್ತಾಗುವುದು, ಕತ್ತಲಾಗುವುದು, ಬೀಳುವುದು, ಮನೆಯಲ್ಲಿ ಬೈಸಿಕೊಳ್ಳುವುದು ಎಲ್ಲವೂ ಆ ಕೊನೆಯ ಐದಾರು ಕಿಲೋಮೀಟರಿನಲ್ಲೇ!

ನಿಮ್ಮ ಮನೆಯಲ್ಲೂ ಇರಬಹುದು ನೋಡಿ, ದಪ್ಪ ಟಯರಿನ, ಗೇರಿನ ಒಂದು ಸೈಕಲ್ಲು. ಮಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಹಟ ಮಾಡಿ ಕೊಡಿಸಿಕೊಂಡಿದ್ದು. ಈಗ ಅವನು ಹಾಸ್ಟೆಲ್ ಸೇರಿದ್ದಾನೆ, ಸೈಕಲ್ಲು ಸ್ಕೂಟರಿನ ಹಿಂದೆ ದೂಳು ತಿನ್ನುತ್ತಾ ನಿಂತಿದೆ. ನಮ್ಮ ಮನೆಯಲ್ಲೂ ಹಾಗೇ ಇತ್ತು. ನಲವತ್ತಮೂರರ ವಯಸ್ಸಿನಲ್ಲಿ ನಾನು ಅದನ್ನು ಒರೆಸಿ, ಸೀಟು ಇಳಿಸಿ, ಬೀದಿಗೆ ತಂದಾಗ ಅತ್ತೆ ಕೇಳಿದ್ದು ಒಂದೇ ಮಾತು: ‘ಈ ವಯಸ್ಸಲ್ಲಿ ಇದೆಲ್ಲಾ ಬೇಕಿತ್ತಾ?’

ಬೇಕಿತ್ತು. ಹೇಗೆ ಬೇಕಿತ್ತು ಅಂತ ವಿವರಿಸಲು ಹೋಗುವುದಿಲ್ಲ, ಬೆಳಿಗ್ಗೆಯಿಂದ ರಾತ್ರಿಯವರೆಗೆ ಬೇರೆಯವರ ಗಡಿಯಾರಕ್ಕೆ ಓಡುವ ನಿಮಗೆ ಅದು ತಾನಾಗಿ ಅರ್ಥವಾಗುತ್ತದೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ಮೈಸೂರಿನವರಿಗೆ ಸೈಕಲ್ ಅಂದಮೇಲೆ ಚಾಮುಂಡಿ ಬೆಟ್ಟ ತಾನೆ? ಬುಡದ ಮಣ್ಣುದಾರಿಗಳಲ್ಲಿ ಒಂದಿಷ್ಟು ಓಡಾಡಿ, ಆಮೇಲೆ ರಸ್ತೆ ಹಿಡಿದು ಬೆಟ್ಟ ಹತ್ತಿ, ಅದೇ ರಸ್ತೆಯಲ್ಲಿ ಇಳಿದು ಮನೆಗೆ ಬರೋದು. ಇದೇ ನನ್ನ ಭಾನುವಾರದ ಸುತ್ತು. ನಾಲ್ಕು ತಿಂಗಳು ಚೆನ್ನಾಗೇ ನಡೆಯಿತು.

ಐದನೇ ತಿಂಗಳು, ನವೆಂಬರ್ ಕೊನೆಯ ಭಾನುವಾರ, ನಾನು ಬಿದ್ದೆ.

ಬಿದ್ದದ್ದು ಕಲ್ಲುಮುಳ್ಳಿನ ದಾರಿಯಲ್ಲಲ್ಲ, ಏರಿನಲ್ಲೂ ಅಲ್ಲ. ಎಲ್ಲ ಮುಗಿಯಿತು ಅಂದುಕೊಂಡಾಗ, ತಾವರೆಕಟ್ಟೆ ಇನ್ನು ಎರಡು ತಿರುವು ಇದೆ ಅನ್ನುವಾಗ. ಎದುರಿನಿಂದ ಬಂದ ಕಾರಿನ ದೀಪ ಕಣ್ಣಿಗೆ ಹೊಡೆಯಿತು, ಅಂಚಿಗೆ ಸರಿದೆ, ಜಲ್ಲಿಪುಡಿ ಮೇಲೆ ಮುಂದಿನ ಚಕ್ರ ಜಾರಿತು. ವೇಗ ಅಷ್ಟೇನೂ ಇರಲಿಲ್ಲ. ಆದರೆ ಬೀಳುವಾಗ ನಾವೆಲ್ಲಾ ಮಾಡುವುದು ಒಂದೇ, ಕೈ ಊರುವುದು. ಅದಕ್ಕೇ ಮೊದಲು ಮುರಿಯೋದು ಮಣಿಕಟ್ಟು. ಬಲಗೈಗೆ ಆರು ವಾರ ಪ್ಲಾಸ್ಟರ್.

ಆ ಆರು ವಾರದಲ್ಲಿ ಸೊಪ್ಪು ಬಿಡಿಸಲಾರೆ, ಜಡೆ ಹಾಕಿಕೊಳ್ಳಲಾರೆ. ಮನೆಯಲ್ಲಿ ಯಾರೂ ಬೈಯಲಿಲ್ಲ, ಅದೇ ಹೆಚ್ಚು ನೋವಾಗಿದ್ದು. ಸೈಕಲ್ಲಿನ ಮೇಲೆ ಹಳೇ ಬೆಡ್‌ಶೀಟು ಬಂತು. ಒಂದು ಸಂಜೆ ಪಕ್ಕದ ಬೀದಿಯ ಹುಡುಗನೊಬ್ಬ ಬಂದು ಸೈಕಲ್ ಸುತ್ತ ಸುತ್ತಿ, ಟಯರ್ ಒತ್ತಿ ನೋಡಿದ. ‘ಸುಮ್ನೆ ನಿಂತಿದೆಯಲ್ಲಾ, ಕೊಟ್ಟುಬಿಡೋಣ ಅಂತ’ ಅಂದರು ಯಜಮಾನರು, ನನ್ನ ಮುಖ ನೋಡದೆ. ‘ಒಂದೆರಡು ತಿಂಗಳು ತಡೀರಿ’ ಅಂದೆ. ಯಾಕೆ ಹಾಗಂದೆ ಅಂತ ಆಗ ನನಗೂ ಗೊತ್ತಿರಲಿಲ್ಲ.

ತಪ್ಪು ಸವಾರಿಯದ್ದಲ್ಲ, ಮುಗಿಸಿದ ರೀತಿಯದ್ದು

ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಎಡಗೈಯಲ್ಲೇ ಸೊಟ್ಟಪಟ್ಟ ಬರೆದೆ. ಅವತ್ತು ಏನೇನು ಆಯಿತು? ಮನೆಯಿಂದ ಹೊರಟದ್ದು ಮಧ್ಯಾಹ್ನ ಮೂರಕ್ಕೆ, ಎಲ್ಲರ ಊಟ, ಪಾತ್ರೆ ಮುಗಿಸಿ. ಮಣ್ಣುದಾರಿಯಲ್ಲಿ ಹುರುಪಿನಲ್ಲಿ ಹೆಚ್ಚು ಹೊತ್ತು ಕಳೆದೆ. ಏರುವಾಗ ನೀರು ಮುಗಿದಿತ್ತು, ಏನೂ ತಿಂದಿರಲಿಲ್ಲ. ಮೇಲೆ ತಲುಪಿದಾಗ ಐದು ಇಪ್ಪತ್ತು. ನವೆಂಬರ್ ಕೊನೆಯಲ್ಲಿ ಮೈಸೂರಿನಲ್ಲಿ ಸೂರ್ಯ ಆರಕ್ಕೂ ಮೊದಲೇ ಮುಳುಗುತ್ತಾನೆ. ಇಳಿಯುವಾಗ ಮನಸ್ಸೆಲ್ಲಾ ಮನೆಯಲ್ಲಿ: ದೀಪ ಹಚ್ಚೋ ಹೊತ್ತಾಯಿತು, ರಾತ್ರಿ ಅಡುಗೆಗೆ ಏನು? ಭಾನುವಾರದ ಸಂಜೆ, ಬೆಟ್ಟದಿಂದ ಇಳಿಯುವ ಕಾರು, ಬೈಕುಗಳ ಸಾಲು ಬೇರೆ.

ಬರೆದದ್ದನ್ನು ಓದಿದಾಗ ಒಂದು ವಿಷಯ ಸ್ಪಷ್ಟವಾಯಿತು. ಅತಿ ಸುಸ್ತು, ಅತಿ ಹಸಿವು, ಅತಿ ಅವಸರ, ಅತಿ ಕತ್ತಲು, ಅತಿ ವಾಹನ ಈ ಐದನ್ನೂ ನಾನೇ ಒಟ್ಟುಮಾಡಿ ಕೊನೆಯ ಅರ್ಧ ಗಂಟೆಗೆ ಇಟ್ಟುಕೊಂಡಿದ್ದೆ. ಅಡುಗೆಯಲ್ಲಿ ನಾವು ಹೀಗೆ ಮಾಡ್ತೀವಾ? ಒಗ್ಗರಣೆ ಕೊನೆಗೆ ಅಂತ ಗೊತ್ತಿದ್ದರೆ ಸಾಸಿವೆ, ಕರಿಬೇವು ಮೊದಲೇ ಕೈಗೆಟಕುವ ಹಾಗೆ ಇಟ್ಟುಕೊಂಡಿರುತ್ತೇವೆ.

ಇಳಿಜಾರಿನ ಲೆಕ್ಕವನ್ನೂ ಸ್ವಲ್ಪ ನೋಡಿ. ಚಾಮುಂಡಿ ಬೆಟ್ಟ ಸಮುದ್ರಮಟ್ಟದಿಂದ ಸುಮಾರು 1,060 ಮೀಟರ್, ಮೈಸೂರು ನಗರ ಸುಮಾರು 770 ಮೀಟರ್. ಅಂದರೆ ಹತ್ತಿರ ಹತ್ತಿರ 300 ಮೀಟರ್ ಇಳಿಯಬೇಕು. ನೀವು 60 ಕೆ.ಜಿ., ಸೈಕಲ್ಲು 15 ಕೆ.ಜಿ. ಇದ್ದರೆ ಆ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಅರ್ಧ ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿ ಬರಿಸುವಷ್ಟು. ಗಾಳಿ ಒಂದಿಷ್ಟು ತಡೆಯುತ್ತದೆ, ಉಳಿದದ್ದೆಲ್ಲಾ ಬ್ರೇಕಿನಲ್ಲೇ ಬಿಸಿಯಾಗಿ ಹೋಗಬೇಕು. ಮೇಲಿಂದ ಕೆಳಗಿನವರೆಗೂ ಬ್ರೇಕು ಹಿಡಿದೇ ಇಳಿದರೆ ಅದು ಕಾದು ಹಿಡಿತ ಕಡಿಮೆಯಾಗುತ್ತದೆ, ಬೆರಳುಗಳೂ ಮರಗಟ್ಟುತ್ತವೆ. ಇನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡ್ ಕಣ್ಣುಕತ್ತಲಾದರೆ ಸೈಕಲ್ಲು ಎಂಟು ಮೀಟರ್ ಮುಂದೆ ಹೋಗಿರುತ್ತದೆ! ನಮ್ಮ ಮನೆ ಹಾಲ್ ಕೂಡ ಅಷ್ಟುದ್ದ ಇಲ್ಲ.

ಕೊನೆಯಿಂದ ಶುರುಮಾಡಿ

ಪ್ಲಾಸ್ಟರ್ ಬಿಚ್ಚಿದ ಮೇಲೆ ಸೈಕಲ್ ಹತ್ತುವ ಮೊದಲು ಯಜಮಾನರ ಸ್ಕೂಟರಿನಲ್ಲಿ ಹಿಂದೆ ಕೂತು ಆ ದಾರಿಯನ್ನೆಲ್ಲಾ ನೋಡಿ ಬಂದೆ. ನೀವೂ ಇದನ್ನು ಮಾಡಿ. ನಿಮ್ಮೂರಿನ ಗುಡ್ಡ ಯಾವುದೇ ಇರಲಿ, ಮೊದಲು ಮುಗಿಸುವ ಜಾಗ ಗೊತ್ತುಮಾಡಿ. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬನ್ನಿ. ಮುಗಿಸುವ ಜಾಗದಲ್ಲಿ ಏನಿರಬೇಕು? ಜನ ಓಡಾಡುತ್ತಿರಬೇಕು, ಕೂರಲು ನೆರಳು, ಕುಡಿಯಲು ನೀರು ಬೇಕು, ಹತ್ತಿರದಲ್ಲಿ ಶೌಚಾಲಯ ಇದ್ದರೆ ಒಳ್ಳೆಯದು. ಆಟೋ ಸಿಗಬೇಕು. ಫೋನಿಗೆ ಸಿಗ್ನಲ್ ಇರಬೇಕು. ಗಂಡಸರು ಟೀ ಅಂಗಡಿ ಮುಂದೆ ಕಾಲು ಚಾಚಿ ಕೂತುಬಿಡುತ್ತಾರೆ, ನಮಗೆ ಅದೊಂದೇ ಸಾಲದು ಅನ್ನೋದು ನಿಮಗೆ ಗೊತ್ತೇ ಇದೆ.

ಹಾಗೆ ಹುಡುಕಿ, ಒಂದೊಂದಾಗಿ ನೋಡಿದ ಮೂರು ದಾರಿಗಳು ಇವು.

ಒಂದು: ಉತ್ತನಹಳ್ಳಿ ಕಡೆಯ ಇಳಿತ

ಬೆಟ್ಟದಿಂದ ಉತ್ತನಹಳ್ಳಿ ಕಡೆಗೆ ಇಳಿಯುವ ರಸ್ತೆ ನಿಮಗೆ ಗೊತ್ತಿರಬಹುದು. ಚಾಮುಂಡಿಯ ತಂಗಿ ಅಂತ ಜನ ನಂಬುವ ಜ್ವಾಲಾಮುಖಿ ತ್ರಿಪುರಸುಂದರಿಯ ಗುಡಿ ಇರುವುದು ಅಲ್ಲೇ. ನಗರದ ಕಡೆಯ ರಸ್ತೆಗಿಂತ ನಾನು ಹೋದ ದಿನಗಳಲ್ಲಿ ಇಲ್ಲಿ ವಾಹನ ಕಡಿಮೆ ಇತ್ತು. ಇಳಿದ ಮೇಲೆ ಗುಡಿಯ ಹತ್ತಿರ ಕೂತು ಸುಧಾರಿಸಿಕೊಳ್ಳಬಹುದು. ಎಷ್ಟು ಚೆಂದ ಅಂದುಕೊಂಡೆ.

ಆದರೆ ಮನೆ ಇನ್ನೂ ದೂರ. ರಿಂಗ್ ರಸ್ತೆ ಹಿಡಿದು, ನಂಜನಗೂಡು ರಸ್ತೆ ದಾಟಿ ಬರಬೇಕು. ರಸ್ತೆ ಸಮತಟ್ಟಾಗಿದೆ, ನಿಜ. ಲಾರಿಗಳು ಪಕ್ಕದಲ್ಲೇ ಹಾದುಹೋಗುವಾಗ ಎಳೆಯುವ ಗಾಳಿಗೆ ಸೈಕಲ್ಲು ಅಲ್ಲಾಡುತ್ತದೆ. ದಣಿದ ತೋಳಿಗೆ ಅದನ್ನು ಹಿಡಿದಿಡುವುದು ಕಷ್ಟ. ಇಬ್ಬರು ಮೂವರಿದ್ದು, ಬೆಳಿಗ್ಗೆ ಬೇಗ ಮುಗಿಯುವ ಹಾಗಿದ್ದರೆ ಇದನ್ನು ಆರಿಸಿಕೊಳ್ಳಿ. ಒಬ್ಬರೇ ಆದರೆ ಬೇಡ.

ಎರಡು: ಮೇಲೆಯೇ ಮುಗಿಸುವುದು

ಸುತ್ತು ಅಂದರೆ ಹೊರಟಲ್ಲಿಗೇ ಬಂದು ಮುಗಿಯಬೇಕು ಅಂತ ಯಾರಾದರೂ ಬರೆದುಕೊಟ್ಟಿದ್ದಾರಾ? ಏರಿ ಮುಗಿಸಿ, ಮೇಲೆ ದೇವರ ದರ್ಶನ ಮಾಡಿ, ಮನೆಯವರು ಕಾರು ತಂದಾಗ ಸೈಕಲ್ಲನ್ನು ಹಿಂದೆ ಕಟ್ಟಿಕೊಂಡು ಇಳಿಯಬಹುದು. ಏರಿನಲ್ಲಿ ಹೃದಯಕ್ಕೆ, ಕಾಲಿಗೆ ಸಿಗಬೇಕಾದ ವ್ಯಾಯಾಮ ಅಷ್ಟೂ ಸಿಕ್ಕಿರುತ್ತದೆ, ಅಪಾಯದ ಇಳಿಜಾರು ಇರುವುದಿಲ್ಲ. ಇಳಿತ ಅಂದರೆ ಎದೆ ಡವಡವ ಅನ್ನುವವರಿಗೆ, ಹಿಂದೆ ಕೈಕಾಲು ಮುರಿದುಕೊಂಡವರಿಗೆ ಇದು ಒಳ್ಳೆಯ ದಾರಿ. ಮೊದಲ ಎರಡು ವಾರ ನಾನೂ ಹೀಗೇ ಮಾಡಿದೆ. ತೊಂದರೆ ಏನಂದರೆ ಬೇರೆಯವರ ಬಿಡುವನ್ನು ಕಾಯಬೇಕು. ಮತ್ತೆ ಬೇರೆಯವರ ಗಡಿಯಾರ! ಅದರಿಂದ ತಪ್ಪಿಸಿಕೊಳ್ಳಲಿಕ್ಕೇ ಅಲ್ಲವೇ ನಾವು ಸೈಕಲ್ ಹತ್ತಿದ್ದು?

ಮೂರು: ತಲೆಕೆಳಗು ಮಾಡಿದ ಸುತ್ತು

ಕೊನೆಗೆ ನನಗೆ ಒಗ್ಗಿದ್ದು ಹಳೆಯ ಸುತ್ತೇ, ಹಿಂದುಮುಂದು ಮಾಡಿದ್ದು. ಮೊದಲು ಬೆಟ್ಟ, ಆಮೇಲೆ ಬುಡದ ಮಣ್ಣುದಾರಿ. ಸಂಜೆ ಬದಲು ಬೆಳಿಗ್ಗೆ. ಬೆಳಕು ಚೆನ್ನಾಗಿ ಹರಿದ ಮೇಲೆ ತಾವರೆಕಟ್ಟೆಯಿಂದ ಏರಲು ಶುರು. ಕಾಲು ಹೊಸದಾಗಿರುವಾಗ ಕಷ್ಟದ ಕೆಲಸ ಮುಗಿಯುತ್ತದೆ. ಮೇಲೆ ಹದಿನೈದು ನಿಮಿಷ ಕೂತು, ತಿಂದು, ಕುಡಿದು, ಪ್ರವಾಸಿಗಳ ಕಾರುಗಳು ಸಾಲುಗಟ್ಟುವ ಮೊದಲೇ ಇಳಿಯುತ್ತೇನೆ. ಕೆಳಗೆ ಬಂದ ಮೇಲೆ ಲಲಿತಮಹಲ್ ಕಡೆಯ ಸಮತಟ್ಟು ದಾರಿಯಲ್ಲಿ ನಿಧಾನವಾಗಿ ಅರ್ಧ ಗಂಟೆ.

‘ದಣಿದ ಮೇಲೆ ಮಣ್ಣುದಾರಿಯಾ?’ ಅಂತ ನೀವು ಕೇಳಬಹುದು. ಸಮತಟ್ಟು ಮಣ್ಣಿನಲ್ಲಿ ಸೈಕಲ್ಲಿನ ವೇಗ ತಾನಾಗೇ ಇಳಿಯುತ್ತದೆ, ಎದುರಿಗೆ ವಾಹನವಿಲ್ಲ, ಬೇಡವೆನಿಸಿದ ಕ್ಷಣ ಪಕ್ಕದಲ್ಲೇ ಡಾಂಬರು ರಸ್ತೆ. ಮಳೆ ಬಂದಿದ್ದರೆ ಮಾತ್ರ ಆ ಭಾಗ ಬಿಟ್ಟುಬಿಡಿ. ಒದ್ದೆ ಮಣ್ಣು ಟಯರಿಗೆ ಮೆತ್ತಿದರೆ ಚಕ್ರವೇ ತಿರುಗುವುದಿಲ್ಲ, ಬಿದ್ದ ಗುರುತು ಬಟ್ಟೆ ಮೇಲೆ ವಾರಗಟ್ಟಲೆ ಇರುತ್ತದೆ.

ಆಮೇಲೆ ಕಾರಂಜಿ ಕೆರೆಯ ಹತ್ತಿರ ನನ್ನ ಸವಾರಿ ‘ಮುಗಿಯುತ್ತದೆ’. ಅಲ್ಲಿಂದ ಮನೆಗೆ ಇನ್ನೂ ಕೆಲವು ಕಿಲೋಮೀಟರ್ ಇದೆ, ಆದರೆ ಅದನ್ನು ಬೇರೆಯೇ ಲೆಕ್ಕದಲ್ಲಿ ಇಟ್ಟಿದ್ದೇನೆ. ಇಳಿದು, ಮುಖ ತೊಳೆದು, ಹತ್ತು ನಿಮಿಷ ಕೂತು, ಹೊಸದಾಗಿ ಹೊರಟವಳ ಹಾಗೆ ಹೊರಡುತ್ತೇನೆ. ಕೈಲಾಗದಿದ್ದರೆ ಆಟೋ. ನೋಡಲು ಸಣ್ಣ ಉಪಾಯ, ಆದರೆ ‘ಇನ್ನೇನು ಬಂತು’ ಅನ್ನುವ ಅಜಾಗರೂಕತೆ ಇದರಿಂದ ಹೋಯಿತು.

ಈ ದಾರಿಗಳನ್ನು ಮಾತ್ರ ಬೇಡಿ

ಬೆಟ್ಟದ ಮೆಟ್ಟಿಲ ಮೇಲೆ ಸೈಕಲ್ ಇಳಿಸುವ ಹುಡುಗರ ಸಾಹಸ ನೋಡಿ ಮೋಹಗೊಳ್ಳಬೇಡಿ. ಸಾವಿರ ಮೆಟ್ಟಿಲು ಹತ್ತುವವರಲ್ಲಿ ವಯಸ್ಸಾದವರು, ಹರಕೆ ಹೊತ್ತು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುವ ಹೆಂಗಸರು ಇರುತ್ತಾರೆ. ಆ ದಾರಿ ಅವರದು. ಹಾಗೆಯೇ ಬೆಟ್ಟ ಮೀಸಲು ಅರಣ್ಯ. ಕಾಲುದಾರಿ ಕಂಡಿತು ಅಂತ ಪೊದೆಯೊಳಗೆ ನುಗ್ಗುವಂತಿಲ್ಲ, ಅರಣ್ಯ ಸಿಬ್ಬಂದಿಯನ್ನು ಕೇಳಿ ಬಿಟ್ಟ ದಾರಿಯಲ್ಲಷ್ಟೇ ಹೋಗಿ. ಈ ಸುತ್ತಮುತ್ತ ಚಿರತೆ ಕಾಣಿಸಿಕೊಂಡ ಸುದ್ದಿ ಆಗಾಗ ಬರುತ್ತದೆ, ಆದ್ದರಿಂದ ಮಬ್ಬುಗತ್ತಲಲ್ಲಿ ಒಂಟಿ ಸವಾರಿ ಬೇಡವೇ ಬೇಡ.

ಆಷಾಢ ಶುಕ್ರವಾರಗಳಲ್ಲಿ ಬೆಟ್ಟಕ್ಕೆ ಜನಸಾಗರ. ಖಾಸಗಿ ವಾಹನಗಳಿಗೆ ತಡೆ ಹಾಕಿ ಲಲಿತಮಹಲ್ ಹೆಲಿಪ್ಯಾಡ್ ಕಡೆಯಿಂದ ಬಸ್ಸು ಬಿಟ್ಟ ವರ್ಷಗಳಿವೆ. ಆ ದಿನಗಳಲ್ಲಿ ಸೈಕಲ್ಲಿಗೆ ರಜೆ ಕೊಟ್ಟು ಬಸ್ಸಿನಲ್ಲಿ ಹೋಗಿ ಬನ್ನಿ. ಇನ್ನು ಮಳೆ. 2021ರ ಅಕ್ಟೋಬರಿನಲ್ಲಿ ಜೋರು ಮಳೆಗೆ ನಂದಿ ಕಡೆಗೆ ಹೋಗುವ ರಸ್ತೆಯ ಭಾಗವೇ ಕುಸಿದಿತ್ತು. ದೊಡ್ಡ ಮಳೆಯಾದ ಮರುದಿನ ಯಾವ ರಸ್ತೆ ತೆರೆದಿದೆ ಅಂತ ಕೇಳಿಕೊಂಡೇ ಹೊರಡಿ.

ಇಳಿಯುವ ಮುನ್ನ ಎರಡು ನಿಮಿಷ

ಇಳಿಜಾರು ಶುರುವಾಗುವ ಮೊದಲು ಒಮ್ಮೆ ನಿಲ್ಲಿ. ಸೀಟನ್ನು ಒಂದೆರಡು ಇಂಚು ತಗ್ಗಿಸಿ, ಕಾಲು ನೆಲಕ್ಕೆ ಸುಲಭವಾಗಿ ಸಿಗಬೇಕು. ಎರಡೂ ಬ್ರೇಕು ಒತ್ತಿ ನೋಡಿ. ಇಳಿಯುವಾಗ ದೇಹದ ಭಾರ ಸ್ವಲ್ಪ ಹಿಂದಕ್ಕಿರಲಿ, ಪೆಡಲುಗಳು ಸಮಮಟ್ಟದಲ್ಲಿರಲಿ, ಮೊಣಕೈ ಬಿಗಿಯದಿರಲಿ. ತಿರುವಿನ ಒಳಗೆ ಬ್ರೇಕು ಹಾಕಬೇಡಿ, ತಿರುವಿಗೆ ಮೊದಲೇ ವೇಗ ಇಳಿಸಿಕೊಳ್ಳಿ. ಒತ್ತಿ, ಬಿಡಿ, ಮತ್ತೆ ಒತ್ತಿ. ಮುಂದಿನ ಬ್ರೇಕಿಗೆ ಶಕ್ತಿ ಹೆಚ್ಚು, ಆದರೆ ಜಲ್ಲಿ ಮೇಲೆ ಅದೊಂದನ್ನೇ ಜೋರಾಗಿ ಹಿಡಿದರೆ ನನ್ನ ಕಥೆಯೇ ಆಗುತ್ತದೆ. ಅರ್ಧ ದಾರಿಯಲ್ಲಿ ಒಮ್ಮೆ ನಿಂತು ಬೆರಳು ಬಿಚ್ಚಿ ಮುಚ್ಚಿ. ಬ್ರೇಕೂ ತಣ್ಣಗಾಗಲಿ.

ಭಯವಾಯಿತಾ? ಇಳಿದು ತಳ್ಳಿಕೊಂಡು ಬನ್ನಿ. ನೋಡುವವರು ನೋಡಲಿ. ತಳ್ಳಿಕೊಂಡು ಬಂದವಳು ಮುಂದಿನ ಭಾನುವಾರ ಮತ್ತೆ ಹೋಗುತ್ತಾಳೆ, ಬಿದ್ದವಳು ಆರು ವಾರ ಮನೆಯಲ್ಲಿ ಕೂರುತ್ತಾಳೆ.

ಹೊಟ್ಟೆಯನ್ನೂ ಮರೆಯಬೇಡಿ. ಎಲ್ಲರಿಗೂ ತಿಂಡಿ ಮಾಡಿಟ್ಟು ನಾವು ಬರೀ ಕಾಫಿ ಕುಡಿದು ಹೊರಡುವವರು! ಹೊರಡುವ ಮೊದಲು ಒಂದು ಬಾಳೆಹಣ್ಣು, ದಾರಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಒಂದು ತುಂಡು ಕಡಲೆಮಿಠಾಯಿ ಅಥವಾ ನಾಲ್ಕು ಖರ್ಜೂರ. ನೀರು ಗುಟುಕು ಗುಟುಕಾಗಿ, ಗಂಟೆಗೆ ಸುಮಾರು ಅರ್ಧ ಲೀಟರ್. ಶೌಚಾಲಯಕ್ಕೆ ಹೆದರಿ ನೀರು ಕುಡಿಯದೆ ಹೋಗುವ ಅಭ್ಯಾಸ ನಮ್ಮಲ್ಲಿ ಬಹಳ. ಅದಕ್ಕೇ ಹೇಳಿದ್ದು, ದಾರಿ ಗೊತ್ತುಮಾಡುವಾಗಲೇ ಆ ಜಾಗವನ್ನೂ ಗೊತ್ತುಮಾಡಿಕೊಳ್ಳಿ. ಮುಟ್ಟಿನ ದಿನಗಳಲ್ಲಿ ಹೋಗಬೇಕೋ ಬೇಡವೋ ಅನ್ನೋದನ್ನು ನಿಮ್ಮ ಮೈಯನ್ನೇ ಕೇಳಿ, ನೆರೆಮನೆಯವರನ್ನಲ್ಲ.

ನಲವತ್ತು ದಾಟಿದವರು ಒಮ್ಮೆ ವೈದ್ಯರ ಹತ್ತಿರ ರಕ್ತದೊತ್ತಡ, ಮೂಳೆಯ ಆರೋಗ್ಯದ ಬಗ್ಗೆ ಕೇಳಿಕೊಂಡು ಶುರುಮಾಡಿ. ಮುಟ್ಟು ನಿಲ್ಲುವ ಹೊತ್ತಿಗೆ ಮೂಳೆ ಸವೆಯುವುದು ಹೆಚ್ಚಾಗುತ್ತದೆ, ಸಣ್ಣ ಬೀಳುವಿಕೆಗೂ ಮುರಿಯಬಹುದು. ಸೈಕಲ್ಲು ನಿಮ್ಮ ಎತ್ತರಕ್ಕೆ ಸರಿಯಿದೆಯೇ ಅಂತಲೂ ಅಂಗಡಿಯಲ್ಲಿ ತೋರಿಸಿ. ಆರಡಿ ಮಗನ ಸೈಕಲ್ಲು ಐದಡಿ ಅಮ್ಮನಿಗೆ ಸೀಟು ಇಳಿಸಿದ ಮಾತ್ರಕ್ಕೆ ಹೊಂದುವುದಿಲ್ಲ. ನೆಲದ ಮೇಲೆ ನಿಂತಾಗ ನಡುವಿನ ಕಂಬಿಗೂ ನಿಮಗೂ ಒಂದೆರಡು ಇಂಚು ಅಂತರ ಇರಬೇಕು.

ಮನೆಯವರಿಗೆ ಹೇಳಿ, ಕೇಳಬೇಡಿ

ಇದೊಂದು ಮಾತು ಹೇಳದಿದ್ದರೆ ಈ ಲೇಖನ ಪೂರ್ತಿ ಆಗುವುದಿಲ್ಲ. ಅವತ್ತು ನನ್ನನ್ನು ಬೀಳಿಸಿದ್ದು ಜಲ್ಲಿಪುಡಿಗಿಂತ ಹೆಚ್ಚಾಗಿ ಆ ಅವಸರ. ತಡವಾಯಿತು, ತಪ್ಪು ಮಾಡಿದೆ ಅನ್ನುವ ಭಾವ. ಈಗ ಹಿಂದಿನ ರಾತ್ರಿಯೇ ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇನೆ: ಯಾವ ದಾರಿ, ಎಷ್ಟು ಹೊತ್ತಿಗೆ ಕೆರೆ ಹತ್ತಿರ, ಎಷ್ಟಕ್ಕೆ ಮನೆ. ಹೇಳುವ ಹೊತ್ತಿಗೆ ಬೇಕೆಂದೇ ಅರ್ಧ ಗಂಟೆ ಸೇರಿಸುತ್ತೇನೆ. ದೋಸೆ ಹಿಟ್ಟು ರುಬ್ಬಿಟ್ಟಿರುತ್ತೇನೆ, ಹುಯ್ದುಕೊಳ್ಳುವುದು ಅವರವರ ಕೆಲಸ. ಮೊದಲ ವಾರ ಕಾವಲಿ ಸೀದುಹೋಯಿತು. ಮೂರನೇ ವಾರ ನನಗೂ ಎರಡು ದೋಸೆ ಮುಚ್ಚಿಟ್ಟಿದ್ದರು.

ನೆನಪಿರಲಿ

* ಮುಗಿಸುವ ಜಾಗ ಮೊದಲು, ಹೊರಡುವ ಜಾಗ ಆಮೇಲೆ ಗೊತ್ತುಮಾಡಿ.
* ಕಷ್ಟದ ಏರು, ಕಡಿದಾದ ಇಳಿತ ಮೊದಲರ್ಧದಲ್ಲಿರಲಿ. ಕೊನೆಯ ಭಾಗ ಸಮತಟ್ಟಾಗಿ, ಪರಿಚಿತವಾಗಿರಲಿ.
* ಹಿಂತಿರುಗುವ ಸಮಯ ನಿಗದಿ ಮಾಡಿ. ಆ ಹೊತ್ತಾದರೆ ಎಲ್ಲಿದ್ದರೂ ತಿರುಗಿ. ಬೆಟ್ಟ ಎಲ್ಲಿಗೂ ಓಡಿಹೋಗುವುದಿಲ್ಲ.
* ದಾರಿಯಲ್ಲಿ ಎರಡು ಕಡೆಯಾದರೂ ‘ಇಲ್ಲಿಗೆ ಸಾಕು’ ಅಂತ ಬಿಟ್ಟು ಬರಬಹುದಾದ ಜಾಗ ಇರಲಿ.
* ಹೆಲ್ಮೆಟ್, ಕೈಗವಸು, ಹಿಂದೆ ಕೆಂಪು ದೀಪ, ಮುಂದೆ ಬಿಳಿ ದೀಪ ಹಗಲಿನಲ್ಲೂ ಜೊತೆಗಿರಲಿ. ದುಪಟ್ಟಾ ಮನೆಯಲ್ಲಿರಲಿ, ಪ್ಯಾಂಟಿನ ತುದಿ ಚೈನಿಗೆ ಸಿಗದ ಹಾಗೆ ಕಟ್ಟಿ.
* ಹೊಸ ದಾರಿಯನ್ನು ಮೊದಲ ಸಲ ಒಬ್ಬರೇ ನೋಡಬೇಡಿ. ನಡೆದೋ ಸ್ಕೂಟರಿನಲ್ಲೋ ನೋಡಿ ಬನ್ನಿ.
* ತುರ್ತಿಗೆ 112, ಆಂಬುಲೆನ್ಸಿಗೆ 108. ಸ್ವಲ್ಪ ಚಿಲ್ಲರೆ ದುಡ್ಡು, ಗುರುತಿನ ಚೀಟಿ ಜೇಬಿನಲ್ಲಿರಲಿ.

ಪಕ್ಕದ ಬೀದಿಯ ಆ ಹುಡುಗ ಮಾರ್ಚಿನಲ್ಲಿ ಮತ್ತೆ ಬಂದಿದ್ದ. ‘ಆಂಟಿ, ಸೈಕಲ್ ಕೊಡ್ತೀರಾ?’ ಅಂದ. ಉತ್ತರ ಕೊಟ್ಟಿದ್ದು ಜಗಲಿ ಮೇಲೆ ಹೂ ಕಟ್ಟುತ್ತಿದ್ದ ನಮ್ಮ ಅತ್ತೆ: ‘ಅದು ಭಾನುವಾರ ಬೇಕಾಗತ್ತಪ್ಪಾ. ಬೇರೆ ಕಡೆ ನೋಡ್ಕೋ.’

ನಿಮ್ಮ ಮನೆಯ ಸೈಕಲ್ಲಿನ ಮೇಲಿನ ಬೆಡ್‌ಶೀಟನ್ನು ಈ ಭಾನುವಾರ ತೆಗೆದು ನೋಡಿ. ಹತ್ತುವ ಮೊದಲು ಮಾತ್ರ, ಎಲ್ಲಿ ಇಳಿಯುತ್ತೀರಿ ಅಂತ ಯೋಚಿಸಿಟ್ಟುಕೊಳ್ಳಿ.